ಜಿರಾಫೆಯ ಕೊರಳು ಮತ್ತು ಕುರುಡ ಲಮಾರ್ಕ್

ಜಿರಾಫೆಯ ಕೊರಳೇಕೆ ಉದ್ದ ಎಂದರೆ ಶಾಲೆಯ ಹುಡುಗನೂ ಉತ್ತರ ಹೇಳಿಯಾನು: ಎತ್ತರದ ಎಲೆಗಾಗಿ ಚಾಚಿ ಚಾಚಿ ಬೆಳೆಯಿತು ಎಂದನಂತೆ ಲಮಾರ್ಕ್, ಅದನ್ನು ಸುಳ್ಳುಮಾಡಿದನಂತೆ ಡಾರ್ವಿನ್. ಕನ್ನಡ ಪಾಠ ಹೇಳಿಕೊಂಡಿರುವ ನಾನೂ ಬಹುಕಾಲ ಹೀಗೆಯೇ ನಂಬಿದ್ದೆ. ಮೂಲಗ್ರಂಥಗಳನ್ನು ತಿರುವಿಹಾಕಿದಾಗ ನಾಚಿಕೆಯಾಯಿತು.

1809ರಲ್ಲಿ ಲಮಾರ್ಕ್ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥದಲ್ಲಿ ಜಿರಾಫೆಗೆ ದೊರೆತಿರುವುದು ಒಂದು ಸಣ್ಣ ಪ್ಯಾರಾ. ಹುಲ್ಲಿಲ್ಲದ ಒಣನೆಲದ ಪ್ರಾಣಿ, ಮರದೆಲೆಯೇ ಗತಿ; ಆ ಅಭ್ಯಾಸದಿಂದ ಮುಂಗಾಲೂ ಕೊರಳೂ ನೀಳವಾದುವು ಎನ್ನುತ್ತಾನೆ, ಅಷ್ಟೆ. ಇದನ್ನು ಹಿಡಿದು ಅವನನ್ನು ಖಂಡಿಸಿದವನು 1858ರಲ್ಲಿ ವ್ಯಾಲೇಸ್. ಉದ್ದ ಕೊರಳಿನವು ಬರಗಾಲದಲ್ಲಿ ಬದುಕಿ ಉಳಿದುವು ಎಂಬುದು ಅವನ ವಾದ. ಡಾರ್ವಿನ್ನನೋ, 1859ರ ಮೊದಲ ಮುದ್ರಣದಲ್ಲಿ ಜಿರಾಫೆಯ ಬಾಲ ನೊಣ ಓಡಿಸುವುದನ್ನು ವಿಸ್ತರಿಸಿದಷ್ಟು ಕೊರಳನ್ನು ವಿಸ್ತರಿಸಲಿಲ್ಲ! ಮೈವರ್ಟನ ಆಕ್ಷೇಪಕ್ಕೆ ಉತ್ತರವಾಗಿ 1872ರ ಮುದ್ರಣದಲ್ಲಿ ಕೊರಳಿನ ಮಾತೆತ್ತಿದನು. ಅಲ್ಲಿಯೂ, ಹೆಚ್ಚಾಗಿ ಬಳಸಿದ ಅಂಗದ ಗುಣ ಸಂತತಿಗೆ ಇಳಿಯುವುದೂ ಒಂದು ಕಾರಣವೆಂದು ಒಪ್ಪಿಕೊಂಡನು. ಯಾರ ಮಾತದು? ಲಮಾರ್ಕನದೇ ಅಲ್ಲವೆ!

ಹಾಗೆ ಗುಣ ಇಳಿಯುವುದಿಲ್ಲವೆಂದು ಇಂದು ಬಲ್ಲೆವು. ಆದರೆ ಕೊರಳಿನ ವ್ಯಾಜ್ಯ ತೀರಿಲ್ಲ. ನಮಗಿರುವಂತೆ ಅದಕ್ಕೂ ಕೊರಳಿನ ಮೂಳೆ ಏಳೇ, ಒಂದೊಂದೂ ಗೇಣುದ್ದ. ಗಂಡುಗಳು ಕೊರಳಿಂದ ಹೊಡೆದಾಡುವುದೇ ಕಾರಣವಿರಬಹುದೆಂದು 1996ರಲ್ಲಿ ಇಬ್ಬರು ವಾದಿಸಿದರು. ಎತ್ತರದಲ್ಲಿ ಮೇಯುವ ಜಿರಾಫೆಗೆ ಬಾಯಿತುಂಬ ಎಲೆ ಹೆಚ್ಚು ದೊರೆಯುವುದೆಂದು 2007ರಲ್ಲಿ ಬೇರಿಬ್ಬರು ತೋರಿಸಿದರು.

ನನ್ನ ಮನಸ್ಸು ನಿಲ್ಲುವುದು ಮಾತ್ರ 1827ರಲ್ಲಿ. ಈಜಿಪ್ಟಿನ ಮುಹಮ್ಮದ್ ಅಲಿ ಫ್ರಾನ್ಸಿನ ದೊರೆಗೆ ಕಾಣಿಕೆಯಿತ್ತ ಹೆಣ್ಣು ಜಿರಾಫೆಯೊಂದು ಮಾರ್ಸೇಲ್ಸಿನಿಂದ ಪ್ಯಾರಿಸಿಗೆ ಸುಮಾರು 880 ಕಿಲೋಮೀಟರು ನಡೆದೇ ಬಂದಿತು. ಜೊತೆಗೆ ನಡೆದವನು ಲಮಾರ್ಕನ ಸಹೋದ್ಯೋಗಿ ಸೈಂಟ್ ಹಿಲೇರ್. ಊರಿಗೆ ಊರೇ ನೋಡಲು ನೆರೆಯಿತು. ಹೆಂಗಸರು ಜಿರಾಫೆಯ ಹೆಸರಿನಲ್ಲಿ ತುರುಬು ಕಟ್ಟಿದರು. ಅದನ್ನು ಇರಿಸಿದ್ದು ಲಮಾರ್ಕ್ ಪಾಠ ಹೇಳಿದ ಆ ಉದ್ಯಾನದಲ್ಲೇ. ಆ ವೇಳೆಗೆ ಎಂಬತ್ತು ದಾಟಿದ್ದ ಲಮಾರ್ಕನಿಗೆ ಎರಡು ಕಣ್ಣೂ ಹೋಗಿದ್ದುವು. ಕೊನೆಯ ಸಂಪುಟಗಳನ್ನು ಮಗಳಿಗೆ ಹೇಳಿ ಬರೆಯಿಸಿದ್ದನು. ಯಾರಾದರೂ ಆ ಮುದುಕನ ಕೈಹಿಡಿದು ಕರೆದೊಯ್ದು ಆ ಕೊರಳನ್ನೊಮ್ಮೆ ಮುಟ್ಟಿಸಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು.

1829ರಲ್ಲಿ ಅವನು ಬಡತನದಲ್ಲಿ ತೀರಿಕೊಂಡನು. ಗೋರಿಯೂ ಸ್ವಂತದ್ದಲ್ಲ, ಕೆಲವು ವರ್ಷಗಳ ಬಾಡಿಗೆಯದು. ಗಡುವು ಮುಗಿದ ಮೇಲೆ ಮೂಳೆಗಳನ್ನು ತೆಗೆದರು; ಅವು ಎಲ್ಲಿ ಸೇರಿದುವೆಂಬ ಗುರುತೂ ಉಳಿಯಲಿಲ್ಲ. ಜಿರಾಫೆಯು ಅದೇ ಉದ್ಯಾನದಲ್ಲಿ 1845ರವರೆಗೆ ಸುಖವಾಗಿ ಬಾಳಿತು.