ಫೌಸ್ಟೊ ಕೊಪ್ಪಿ: ರಸ್ತೆ, ಟ್ರ್ಯಾಕ್ ಮತ್ತು ಯುದ್ಧ

ಫೌಸ್ಟೊ ಕೊಪ್ಪಿ 1919ರ ಸೆಪ್ಟೆಂಬರ್ 15ರಂದು ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಕಾಸ್ಟೆಲ್ಲಾನಿಯಾ ಎಂಬ ಗುಡ್ಡದ ಹಳ್ಳಿಯಲ್ಲಿ, ಸಣ್ಣ ರೈತ ಕುಟುಂಬದಲ್ಲಿ ಹುಟ್ಟಿದ. ಹದಿಮೂರರ ಸುಮಾರಿಗೆ ಓದು ಬಿಟ್ಟು ನೋವಿ ಲಿಗುರೆ ಪಟ್ಟಣದ ಮಾಂಸದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಗಿರಾಕಿಗಳ ಮನೆಗೆ ಸೈಕಲ್ಲಿನಲ್ಲಿ ಸಾಮಾನು ಮುಟ್ಟಿಸುವುದು ಅವನ ಪಾಲಿನ ದುಡಿಮೆ. ಹಡಗಿನಲ್ಲಿ ನೌಕರಿಗಿದ್ದ, ಅವನದೇ ಹೆಸರಿನ ಚಿಕ್ಕಪ್ಪ ಕೊಟ್ಟ ಹಣದಿಂದ ರೇಸಿನ ಸೈಕಲ್ ಬಂತು. ಹದಿನೈದನೆಯ ವಯಸ್ಸಿನಲ್ಲಿ ಗೆದ್ದ ಮೊದಲ ಬಹುಮಾನ 20 ಲಿರಾ ಮತ್ತು ಒಂದು ಸಲಾಮಿ ಸ್ಯಾಂಡ್‌ವಿಚ್.

ಅದೇ ಪಟ್ಟಣದಲ್ಲಿ ಬ್ಯಾಜೊ ಕವನ್ನಾ ಎಂಬ ಮಾಲೀಸುಗಾರನಿದ್ದ. ಕಣ್ಣು ಕಳೆದುಕೊಂಡಿದ್ದ ಅವನು ಸವಾರರ ತೊಡೆ, ಬೆನ್ನು, ನಾಡಿಗಳನ್ನು ಮುಟ್ಟಿ ನೋಡಿಯೇ ಅವರ ಕಸುವನ್ನು ಅಳೆಯುತ್ತಿದ್ದ. ಹಿಂದಿನ ತಲೆಮಾರಿನ ದೊಡ್ಡ ಸವಾರ ಕೊಸ್ತಾಂತೆ ಜಿರಾರ್ದೆಂಗೊನ ಮೈ ತಿಕ್ಕಿದ ಕೈ ಅದು. ಏನು ತಿನ್ನಬೇಕು, ಎಷ್ಟು ಮಲಗಬೇಕು, ದಿನಕ್ಕೆಷ್ಟು ದೂರ ತುಳಿಯಬೇಕು ಎಂಬುದನ್ನೆಲ್ಲ ಅವನೇ ನಿಗದಿ ಮಾಡುತ್ತಿದ್ದ. ಉದ್ದ ಕಾಲು, ಸಣಕಲು ಭುಜ, ಹಕ್ಕಿಯಂತೆ ಮುಂದಕ್ಕೆ ಚಾಚಿದ ಎದೆಗೂಡಿನ ಕೊಪ್ಪಿ ನಡೆಯುವಾಗ ಕ್ರೀಡಾಪಟುವಿನಂತೆ ಕಾಣುತ್ತಲೇ ಇರಲಿಲ್ಲ. ಆದರೂ ಕವನ್ನಾ ಅವನನ್ನು ಹಿಡಿದು ಪಳಗಿಸಿದ.

1940ರಲ್ಲಿ ಕೊಪ್ಪಿ ಲೆನ್ಯಾನೊ ತಂಡ ಸೇರಿದ್ದು ನಾಯಕನಾಗಿ ಅಲ್ಲ, ನಾಯಕ ಜಿನೊ ಬಾರ್ತಲಿಯ ಸಹಾಯಕನಾಗಿ. ಇಟಲಿಯಲ್ಲಿ ಇಂಥವರನ್ನು ಗ್ರೆಗಾರಿಯೊ ಎನ್ನುತ್ತಾರೆ. ನಾಯಕನಿಗೆ ನೀರು ತಂದುಕೊಡುವವನು, ಎದುರುಗಾಳಿ ತಡೆಯುವವನು, ಅವನ ಚಕ್ರ ಕೆಟ್ಟರೆ ತನ್ನದನ್ನು ಬಿಚ್ಚಿಕೊಡುವವನು ಈ ಗ್ರೆಗಾರಿಯೊ. ಹಂತ ಹಂತವಾಗಿ ಇಟಲಿ ಸುತ್ತುವ ಸ್ಪರ್ಧೆ ಜಿರೊ ದಿತಾಲಿಯಾದಲ್ಲಿ ಆ ವರ್ಷ ಎರಡನೆಯ ದಿನವೇ ನಾಯಿಯೊಂದು ಅಡ್ಡ ಬಂದು ಬಾರ್ತಲಿ ಬಿದ್ದ, ಪೆಟ್ಟಾಗಿ ಹಿಂದುಳಿದ. ಮೇ 29ರಂದು ಫ್ಲಾರೆನ್ಸಿನಿಂದ ಮೊದೆನಾಕ್ಕೆ ಹೋಗುವ ಹಂತದಲ್ಲಿ ಅಬೆತೋನೆ ಘಟ್ಟದ ಏರಿನಲ್ಲಿ ಕೊಪ್ಪಿ ಎಲ್ಲರನ್ನೂ ಬಿಟ್ಟು ಮುಂದಕ್ಕೆ ಹೋದ. ಮಳೆ, ಚಳಿಯ ನಡುವೆ ಒಬ್ಬನೇ ಗುರಿ ಮುಟ್ಟಿ ಮುಂದಾಳಿಗೆ ಸಲ್ಲುವ ಗುಲಾಬಿ ಅಂಗಿ ತೊಟ್ಟ. ಅಲ್ಲಿಂದಾಚೆಗೆ ಪಾತ್ರ ಅದಲುಬದಲಾಯಿತು. ಡಾಲಮೈಟ್ ಪರ್ವತದಲ್ಲಿ ಹೊಟ್ಟೆ ಕೆಟ್ಟು ಸೋತ ಹುಡುಗನ ಮೇಲೆ ಬಾರ್ತಲಿ ಹಿಮ ಎರಚಿ, ಬೈದು ಎಬ್ಬಿಸಿದನೆಂದು ಹೇಳುತ್ತಾರೆ. ಮುಂದೆ ಇಡೀ ಇಟಲಿಯನ್ನು ಎರಡು ಪಕ್ಷ ಮಾಡಿದ ಇವರ ವೈರವನ್ನು ನೆನೆದರೆ ಇದು ಸೋಜಿಗದ ಸಂಗತಿಯೇ. ಜೂನ್ 9ರಂದು ಮಿಲಾನಿನಲ್ಲಿ ಸ್ಪರ್ಧೆ ಮುಗಿದಾಗ ಎರಡನೆಯವನಾದ ಎನ್ರಿಕೊ ಮೊಲ್ಲೊಗಿಂತ ಕೊಪ್ಪಿ 2 ನಿಮಿಷ 40 ಸೆಕೆಂಡು ಮುಂದಿದ್ದ. ಮರುದಿನ ಮುಸೊಲಿನಿ ಯುದ್ಧ ಸಾರಿದ.

ಜಿರೊ ನಿಂತುಹೋಯಿತು. ಸೈನ್ಯಕ್ಕೆ ಸೇರಿಸಲ್ಪಟ್ಟ ಕೊಪ್ಪಿಗೆ ಸ್ಪರ್ಧೆಗೆ ರಜೆಯೇನೋ ಸಿಗುತ್ತಿತ್ತು. 1940, 1941, 1942ರಲ್ಲಿ ಸಾಲಾಗಿ ರಾಷ್ಟ್ರೀಯ ಪರ್ಸೂಟ್ ಪಟ್ಟ ಗೆದ್ದ. ಪರ್ಸೂಟ್ ಎಂದರೆ ಟ್ರ್ಯಾಕಿನ ಎದುರುಬದುರು ಅಂಚಿನಿಂದ ಇಬ್ಬರು ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವ ಆಟ. ರಸ್ತೆಯ ಗುಂಪಿನಲ್ಲಿ ಮುಂದಿನವನ ಬೆನ್ನ ಹಿಂದೆ ಅವಿತು ಶಕ್ತಿ ಉಳಿಸಿಕೊಳ್ಳಬಹುದು; ಇಲ್ಲಿ ಅಂಥ ಆಸರೆಯಿಲ್ಲ. ಪೂರ್ತಿ ಗಾಳಿಯನ್ನು ಸ್ವಂತ ಎದೆಯ ಮೇಲೆಯೇ ತಗೊಂಡು, ಓಟದ ಲಯ ಒಂದಿಷ್ಟೂ ಕದಲದಂತೆ ತುಳಿಯಬೇಕು. ಘಟ್ಟದ ಮೇಲೆ ಒಬ್ಬನೇ ಕಿತ್ತುಕೊಂಡು ಹೋಗುವ ಸವಾರನಿಗೆ ಬೇಕಾದದ್ದೂ ಇದೇ. ಕೊಪ್ಪಿಯ ರಸ್ತೆ ಗೆಲುವುಗಳ ಗುಟ್ಟು ಏರುದಾರಿಗಿಂತ ಹೆಚ್ಚಾಗಿ ಟ್ರ್ಯಾಕಿನಲ್ಲಿತ್ತು ಎನ್ನಬೇಕಾಗುತ್ತದೆ.

ಅದು ಲೆಕ್ಕಕ್ಕೆ ಸಿಕ್ಕಿದ್ದು 1942ರ ನವೆಂಬರ್ 7ರಂದು, ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮಿನಲ್ಲಿ. ಎರಡು ವಾರದ ಹಿಂದೆಯಷ್ಟೇ ಬ್ರಿಟಿಷ್ ವಿಮಾನಗಳು ಹಾಡಹಗಲೇ ಆ ನಗರದ ಮೇಲೆ ಬಾಂಬು ಸುರಿಸಿದ್ದವು. ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ತುಳಿಯಬಲ್ಲ ಎಂಬುದು ಪರೀಕ್ಷೆ. ಸೈಕಲ್ಲಿಗೆ ಬ್ರೇಕಿಲ್ಲ, ಒಂದೇ ಗೇರು; ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ. ಸುಮಾರು 400 ಮೀಟರ್ ಸುತ್ತಳತೆಯ ಮರದ ಹಾಸಿನ ಮೇಲೆ ಕೊಪ್ಪಿ 45.798 ಕಿಲೊಮೀಟರ್ ಕ್ರಮಿಸಿದ. ಫ್ರಾನ್ಸಿನ ಮೊರಿಸ್ ಆರ್ಶಾಂಬೊ 1937ರಲ್ಲಿ ಇದೇ ಟ್ರ್ಯಾಕಿನಲ್ಲಿ ಮಾಡಿದ್ದ ದಾಖಲೆಗಿಂತ ಇದು ಬರೀ 31 ಮೀಟರ್ ಹೆಚ್ಚು. ಅಂತರ ಚಿಕ್ಕದು, ಆದರೆ ಅದನ್ನು ದಾಟಲು ಮುಂದಿನವರಿಗೆ ಹದಿನಾಲ್ಕು ವರ್ಷ ಬೇಕಾಯಿತು. 1956ರಲ್ಲಿ ಜಾಕ್ ಆಂಕೆತಿಲ್ 46.159 ಕಿಲೊಮೀಟರ್ ತುಳಿದದ್ದೂ ವಿಗೊರೆಲ್ಲಿಯಲ್ಲೇ.

1943ರ ಮಾರ್ಚಿನಲ್ಲಿ ಅವನ ದಳವನ್ನು ಉತ್ತರ ಆಫ್ರಿಕಾಕ್ಕೆ ಸಾಗಿಸಲಾಯಿತು. ಏಪ್ರಿಲಿನಲ್ಲಿ ಟ್ಯುನೀಶಿಯಾದಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ. ಯುದ್ಧ ಕೊನೆಗೊಳ್ಳುವ ಹೊತ್ತಿಗೆ ದಕ್ಷಿಣ ಇಟಲಿಯಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬನ ಊಳಿಗದಲ್ಲಿದ್ದ. ಸವಾರನೊಬ್ಬನ ಅತ್ಯುತ್ತಮ ಪ್ರಾಯ ಹೀಗೆ ಸೆರೆಶಿಬಿರದಲ್ಲಿ ಸೋರಿಹೋಯಿತು.

ಆದರೂ 1946ರ ಮಾರ್ಚಿನಲ್ಲಿ ಬಿಯಾಂಕಿ ತಂಡದ ಅಂಗಿಯಲ್ಲಿ ಮಿಲಾನ್–ಸಾನ್ ರೆಮೊ ಸ್ಪರ್ಧೆಗಿಳಿದು, ನೂರಕ್ಕೂ ಹೆಚ್ಚು ಕಿಲೊಮೀಟರ್ ಒಂಟಿಯಾಗಿ ಸಾಗಿ 14 ನಿಮಿಷಗಳ ಅಂತರದಿಂದ ಗೆದ್ದ. 1947 ಮತ್ತು 1949ರಲ್ಲಿ ಪರ್ಸೂಟ್ ವಿಶ್ವ ಚಾಂಪಿಯನ್. 1949ರಲ್ಲಿ ಒಂದೇ ವರ್ಷ ಜಿರೊ ಮತ್ತು ಟೂರ್ ದೆ ಫ್ರಾನ್ಸ್ ಎರಡನ್ನೂ ಗೆದ್ದ ಮೊದಲಿಗ. 1952ರಲ್ಲಿ ಅದೇ ಸಾಧನೆ ಮತ್ತೊಮ್ಮೆ. 1953ರಲ್ಲಿ ಲುಗಾನೊದಲ್ಲಿ ರಸ್ತೆಯ ವಿಶ್ವ ಪಟ್ಟ. ಒಟ್ಟು ಐದು ಜಿರೊ, ಎರಡು ಟೂರ್. ಸವಾರನೇ ಆಗಿದ್ದ ತಮ್ಮ ಸೆರ್ಸೆ 1951ರಲ್ಲಿ ರೇಸಿನಲ್ಲಿ ಬಿದ್ದು ತೀರಿಕೊಂಡ.

1959ರ ಡಿಸೆಂಬರಿನಲ್ಲಿ ಕೊಪ್ಪಿ ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾಕ್ಕೆ, ಇಂದಿನ ಬುರ್ಕಿನಾ ಫಾಸೊಗೆ, ಪ್ರದರ್ಶನ ಸ್ಪರ್ಧೆಗೆಂದು ಹೋಗಿ ಮಲೇರಿಯಾ ಹತ್ತಿಸಿಕೊಂಡು ಬಂದ. ಜೊತೆಗೆ ಹೋಗಿದ್ದ ಸವಾರ ರಾಫಯೆಲ್ ಜೆಮಿನಿಯಾನಿಯ ಕಾಯಿಲೆಯನ್ನು ಫ್ರಾನ್ಸಿನ ವೈದ್ಯರು ಗುರುತಿಸಿದ್ದರಿಂದ ಅವನು ಬದುಕಿದ. ಕೊಪ್ಪಿಯ ಜ್ವರ ಯಾವುದೆಂದು ಇಟಲಿಯಲ್ಲಿ ಸಕಾಲಕ್ಕೆ ತಿಳಿಯಲಿಲ್ಲ. 1960ರ ಜನವರಿ 2ರಂದು ತೊರ್ತೊನಾದಲ್ಲಿ ನಲವತ್ತನೆಯ ವಯಸ್ಸಿಗೆ ಅವನು ತೀರಿಕೊಂಡ. ಅವನ ಬಹುಪಾಲು ದಾಖಲೆಗಳನ್ನು ಆಮೇಲೆ ಬಂದವರು ಮುರಿದಿದ್ದಾರೆ; ಇಪ್ಪತ್ತರ ಹರೆಯದಲ್ಲೇ ಜಿರೊ ಗೆದ್ದ ಅತಿ ಕಿರಿಯ ಸವಾರ ಎಂಬ ದಾಖಲೆ ಮಾತ್ರ ಇನ್ನೂ ಅವನ ಹೆಸರಿನಲ್ಲೇ ಇದೆ.