ಸರಮೆಯ ಮರಿ ಅತ್ತಿದ್ದೇಕೆ?

ನಾಯಿಯ ದನಿಗೆ ಕನ್ನಡದಲ್ಲಿ ಹಲವು ಮಾತುಗಳಿವೆ. ಅಪರಿಚಿತರನ್ನು ಕಂಡರೆ ಅದು ಬೊಗಳುತ್ತದೆ, ತಟ್ಟೆಗೆ ಕೈಹಾಕಿದರೆ ಗುರ್ರೆನ್ನುತ್ತದೆ, ನಡುರಾತ್ರಿ ಊಳಿಡುತ್ತದೆ. ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ಕೂತಾಗ ಕುಂಯ್‌ಗುಡುತ್ತದೆ. ಮೊದಲ ಮೂರಕ್ಕೆ ನಾವು ಬೇಗ ಅರ್ಥ ಹಚ್ಚುತ್ತೇವೆ. ನಾಲ್ಕನೆಯದನ್ನು ಮಾತ್ರ ಕಿರಿಕಿರಿ ಎಂದುಕೊಂಡು ಹೇಗಾದರೂ ನಿಲ್ಲಿಸಲು ನೋಡುತ್ತೇವೆ. ಈ ಸಣ್ಣ ದನಿಯನ್ನು ಮನುಷ್ಯರು ಹೇಗೆಲ್ಲ ಕೇಳಿಸಿಕೊಂಡಿದ್ದಾರೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕ ಚರಿತ್ರೆ ಮಾತ್ರ ಸಣ್ಣದಲ್ಲ.

ವ್ಯಾಸಭಾರತದ ಆದಿಪರ್ವದ ಆರಂಭದಲ್ಲೇ ಒಂದು ನಾಯಿಮರಿ ಅಳುತ್ತದೆ. ಜನಮೇಜಯನ ಯಾಗ ನಡೆಯುತ್ತಿದ್ದಲ್ಲಿಗೆ ಬಂದ ಅದನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ಸರಮೆ ಮೊದಲು ಕೇಳುವುದು, ಯಾಕೆ ಅಳುತ್ತೀಯ, ಯಾರು ಹೊಡೆದರು ಎಂದು. ನೀನೇ ಏನೋ ತಪ್ಪು ಮಾಡಿರಬೇಕು ಎಂದೂ ಅನುಮಾನಿಸುತ್ತಾಳೆ. ಹವಿಸ್ಸನ್ನು ನೆಕ್ಕುವುದಿರಲಿ, ಅದರತ್ತ ನೋಡಲೂ ಇಲ್ಲ ಎನ್ನುತ್ತದೆ ಮರಿ. ವಿಚಾರಣೆ ಮುಗಿದ ಮೇಲೆಯೇ ಅವಳು ಯಾಗಶಾಲೆಗೆ ಹೋಗಿ ಕಾರಣ ಕೇಳುವುದು. ಅಲ್ಲಿದ್ದವರು ಉತ್ತರ ಕೊಡುವುದಿಲ್ಲ. ಅವಳು ಶಪಿಸಿ ಹೋಗುತ್ತಾಳೆ. ಅಳುವಿಗೆ ಕಾರಣವಿರುತ್ತದೆ, ಅದನ್ನು ಕೇಳಿ ತಿಳಿಯಬೇಕು ಎಂಬುದು ಆ ಕಥೆಗೆ ಗೊತ್ತಿತ್ತು.

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಈ ಪ್ರಶ್ನೆಯನ್ನೇ ಅಳಿಸಿಹಾಕುವ ವಾದವೊಂದು ಬಂತು. ಪ್ರಾಣಿಗಳು ಗಡಿಯಾರದಂಥ ಯಂತ್ರಗಳು ಎಂಬ ವಿಚಾರವನ್ನು ದೆಕಾರ್ತ್ 1637ರಲ್ಲಿ ಮುಂದಿಟ್ಟ. ಅವನ ಹಾದಿ ಹಿಡಿದ ಮಾಲ್‌ಬ್ರಾಂಶ್ ಒಮ್ಮೆ ಬಸುರಿ ನಾಯಿಯನ್ನು ಒದ್ದನಂತೆ. ಅದು ಚೀರಿದಾಗ, ಅದಕ್ಕೇನೂ ಅನ್ನಿಸುವುದಿಲ್ಲ ಎಂದನಂತೆ. ಇದು ದಂತಕಥೆಯೇ ಇದ್ದೀತು. ಆದರೆ 1764ರ ತನ್ನ ತಾತ್ವಿಕ ನಿಘಂಟಿನಲ್ಲಿ ವೋಲ್ಟೇರ್ ಈ ವಾದಕ್ಕೆ ಕೊಟ್ಟ ಉತ್ತರ ಕಥೆಯಲ್ಲ. ಒಡೆಯನನ್ನು ಕಳೆದುಕೊಂಡು, ದುಃಖದಿಂದ ಕೂಗುತ್ತ ದಾರಿದಾರಿಯಲ್ಲಿ ಹುಡುಕಿ, ಮನೆಯ ಮೆಟ್ಟಿಲು ಹತ್ತಿಳಿದು, ಕೊನೆಗೆ ಅವನನ್ನು ಕಂಡು ಕುಣಿದಾಡುವ ನಾಯಿಯನ್ನು ಅವನು ಅಲ್ಲಿ ವರ್ಣಿಸುತ್ತಾನೆ. ಇಷ್ಟೆಲ್ಲ ಮಾಡುವ ಪ್ರಾಣಿಗೆ ಭಾವನೆಯೇ ಇಲ್ಲವೆನ್ನುವಿರಾ ಎಂಬುದು ಅವನ ಸವಾಲು.

ಆ ಸವಾಲಿಗೆ ಪ್ರಯೋಗಗಳಿಂದ ಉತ್ತರ ಸಿಗಲು ಇನ್ನೂರು ವರ್ಷ ಬೇಕಾಯಿತು. 1959ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಮತ್ತು ಲ್ಯುದ್ಮಿಲಾ ತ್ರುತ್ ಬೆಳ್ಳಿನರಿಗಳನ್ನು ಸಾಕತೊಡಗಿದರು. ತಲೆಮಾರಿಗೊಮ್ಮೆ, ಮನುಷ್ಯರೊಡನೆ ಅತಿ ಸೌಮ್ಯವಾಗಿದ್ದವನ್ನಷ್ಟೇ ಆರಿಸಿ ಮರಿಹಾಕಿಸಿದರು. ಆರನೆಯ ತಲೆಮಾರಿನ ಹೊತ್ತಿಗೆ, ಮನುಷ್ಯರ ಗಮನ ಸೆಳೆಯಲು ನಾಯಿಯಂತೆ ಕುಂಯ್‌ಗುಡುವ, ಕೈ ನೆಕ್ಕುವ ನರಿಗಳು ಹುಟ್ಟಿದ್ದವು. ಕುಂಯ್‌ಗುಡುವುದನ್ನು ಯಾರೂ ಆರಿಸಿರಲಿಲ್ಲ; ಆರಿಸಿದ್ದು ಸ್ನೇಹವನ್ನು. ಆ ದನಿ ಅದರ ಜೊತೆಗೇ ಬಂತು.

1978ರಲ್ಲಿ ಅಮೆರಿಕದ ಯಾಕ್ ಪ್ಯಾಂಕ್ಸೆಪ್ ಮತ್ತು ಸಂಗಡಿಗರು, ಜೊತೆಯವರಿಂದ ಬೇರ್ಪಟ್ಟು ಅಳುವ ನಾಯಿಮರಿಗಳಿಗೆ ಅತಿ ಕಡಿಮೆ ಪ್ರಮಾಣದ ಮಾರ್ಫೀನ್ ಕೊಟ್ಟರು. ಮಂಪರು ಬರುವಷ್ಟಲ್ಲದ ಪ್ರಮಾಣದಲ್ಲೇ ಅಳು ಇಳಿಯಿತು. ನೋವನ್ನು ತಣಿಸುವ ಮದ್ದು ಅಗಲಿಕೆಯನ್ನೂ ತಣಿಸಿತ್ತು. ಒಂಟಿತನವೂ ಒಂದು ಬಗೆಯ ನೋವೇ ಎಂದು ಪ್ಯಾಂಕ್ಸೆಪ್ ವಾದಿಸಿದರು.

ನಾನಿರುವ ಕಟ್ಟಡದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯೊಂದರ ನಾಯಿ ಬೆಳಗಿನಿಂದ ಸಂಜೆಯವರೆಗೆ ಕುಂಯ್‌ಗುಡುತ್ತಿತ್ತು. ನಿವಾಸಿಗಳ ಸಭೆಯಲ್ಲಿ ಬಂದ ಸಲಹೆಗಳು ಎರಡೇ: ನಾಲ್ಕು ಬಿಟ್ಟು ಬುದ್ಧಿ ಕಲಿಸಿ, ಇಲ್ಲವೇ ಎಲ್ಲಾದರೂ ಬಿಟ್ಟು ಬನ್ನಿ. ನನಗೆ ಮಾಲ್‌ಬ್ರಾಂಶ್ ಇನ್ನೂ ಬದುಕಿದ್ದಾನೆ ಅನ್ನಿಸಿತು. ಹೊಡೆತಕ್ಕೆ ಹೆದರಿ ನಾಯಿ ಬಾಯಿ ಮುಚ್ಚಬಹುದು. ಆದರೆ ಒಂಟಿತನಕ್ಕೆ ಭಯವೂ ಸೇರಿಕೊಳ್ಳುತ್ತದೆ.

ಇವತ್ತಿನ ಪಶುವೈದ್ಯರು ಹೇಳುವ ಕ್ರಮ ಸರಮೆಯದಕ್ಕೆ ಹತ್ತಿರವಾಗಿದೆ: ಮೊದಲು ಕಾರಣ ಕೇಳು. ಕಿವಿನೋವು, ಕೀಲುನೋವು, ಹೊಟ್ಟೆಯ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಹಸಿವು, ಬಾಯಾರಿಕೆ, ಹೊರಗೆ ಹೋಗುವ ಅವಸರವಿದೆಯೇ ನೋಡಬೇಕು. ಕುಂಯ್ ಎಂದಾಗೆಲ್ಲ ಬಿಸ್ಕತ್ತು ಸಿಕ್ಕಿದ್ದರಿಂದ ಕಲಿತ ಅಭ್ಯಾಸವಾದರೆ, ಸುಮ್ಮನಿದ್ದಾಗ ಮಾತ್ರ ಕೊಡುವುದನ್ನು ಮನೆಯವರೆಲ್ಲ ಪಾಲಿಸಬೇಕು. ಅಜ್ಜಿಯೊಬ್ಬರು ಕದ್ದು ಕೊಟ್ಟರೂ ಪಾಠ ಕೆಡುತ್ತದೆ. ಅಗಲಿಕೆಯ ಭಯವಾದರೆ ಅರೆನಿಮಿಷ ಹೊರಗೆ ಹೋಗಿ, ನಾಯಿ ಗಾಬರಿಯಾಗುವ ಮೊದಲೇ ಮರಳಬೇಕು. ಆ ಅವಧಿಯನ್ನು ದಿನದಿಂದ ದಿನಕ್ಕೆ ಮೆಲ್ಲನೆ ಹಿಗ್ಗಿಸಬೇಕು. ಹೋಗುವ ಮೊದಲಿನ ಒಳ್ಳೆಯ ನಡಿಗೆಯೂ ನೆರವಾಗುತ್ತದೆ. ತೀವ್ರವಾದ ಭಯಕ್ಕೆ ತರಬೇತಿಯ ಜೊತೆ ಔಷಧಿಯೂ ಉಂಟು. ಕ್ಲೊಮಿಪ್ರಮಿನ್ ಎಂಬ ಮಾತ್ರೆಗೆ ಅಮೆರಿಕ 1998ರಲ್ಲೇ ಒಪ್ಪಿಗೆ ಕೊಟ್ಟಿತು.

ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ನೈಟ್ ವಾಚ್‌ಮನ್ ಆಗಿಯೋ ಮಕ್ಕಳ ಆಟಿಕೆಯಾಗಿಯೋ ನಾಯಿಯನ್ನು ತಂದವರಿಗೆ ಅಷ್ಟು ತಾಳ್ಮೆ ದುಬಾರಿಯೆನಿಸಬಹುದು. ಆದರೆ ನಮ್ಮನ್ನು ಬಿಟ್ಟಿರಲಾರದ ಪ್ರಾಣಿಯನ್ನು ಸಾವಿರಾರು ವರ್ಷ ಆರಿಸಿ ಆರಿಸಿ ರೂಪಿಸಿದವರು ನಾವೇ. ಅದು ಕರೆದಾಗ ಏನೆಂದು ಕೇಳುವ ಋಣ ನಮ್ಮ ಮೇಲಿದೆ.