ಒಡೆತನ ಒಲ್ಲದವರ ವ್ಯಾಜ್ಯ

ಪ್ರಭುತ್ವವೂ ಬೇಡ, ಖಾಸಗಿ ಒಡೆತನವೂ ಬೇಡ ಎಂದು ಸಾರಿದ ಸ್ಪೇನಿನ ಅರಾಜಕತಾವಾದಿ ಕಾರ್ಮಿಕರು 1910ರಲ್ಲಿ ಬಾರ್ಸಿಲೋನಾದಲ್ಲಿ ಸಿ.ಎನ್.ಟಿ. ಎಂಬ ಒಕ್ಕೂಟ ಕಟ್ಟಿದರು. 1939ರಲ್ಲಿ ಅಂತರ್ಯುದ್ಧ ಗೆದ್ದ ಜನರಲ್ ಫ್ರಾಂಕೊ ಅದರ ಕಟ್ಟಡ, ಮುದ್ರಣಾಲಯಗಳನ್ನು ಮುಟ್ಟುಗೋಲು ಹಾಕಿಕೊಂಡ.

ಫ್ರಾಂಕೊ 1975ರಲ್ಲಿ ಸತ್ತ. 1977ರಲ್ಲಿ ಒಕ್ಕೂಟಕ್ಕೆ ಮತ್ತೆ ಕಾನೂನಿನ ಮಾನ್ಯತೆ ಸಿಕ್ಕಿತು. ಆದರೆ 1979ರ ಡಿಸೆಂಬರಿನ ಮ್ಯಾಡ್ರಿಡ್ ಅಧಿವೇಶನದಲ್ಲಿ ಬಿರುಕು ಬಿಟ್ಟಿತು. ಕಾರ್ಖಾನೆಗಳ ಕಾರ್ಮಿಕ ಸಮಿತಿಗಳ ಚುನಾವಣೆಗೆ ನಿಲ್ಲಬೇಕೇ, ಬೇಡವೇ ಎಂಬುದು ಮುಂದೆ ಜಗಳದ ತಿರುಳಾಯಿತು. ಎರಡೂ ಬಣಗಳು ಹಳೆಯ ಹೆಸರನ್ನೇ ಹಿಡಿದು ಕುಳಿತವು. ಮುಟ್ಟುಗೋಲಾದ ಸೊತ್ತನ್ನು ಕಾರ್ಮಿಕ ಸಂಘಗಳಿಗೆ ಮರಳಿಸುವ ಕಾಯ್ದೆ 1986ರಲ್ಲಿ ಬಂದಾಗ ಆ ಹೆಸರಿನ ಬೆಲೆ ಏರಿತು. ಹೆಸರು ಯಾರದೋ ಹಕ್ಕೂ ಅವರದೇ ತಾನೆ! 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಚುನಾವಣೆ ಒಲ್ಲದ ಬಣಕ್ಕೆ ಹೆಸರನ್ನು ಕೊಟ್ಟಿತು. ಇನ್ನೊಂದು ಬಣ ಸಿ.ಜಿ.ಟಿ. ಆಯಿತು.

ಪ್ರಭುತ್ವವನ್ನೇ ಒಪ್ಪದವರು ಅದರ ಕೋರ್ಟಿನ ಮೆಟ್ಟಿಲೇರಿದರಲ್ಲ ಎಂದು ನಾವು ನಗಬಹುದು. ಆದರೆ ಆ ಸೊತ್ತಿನಲ್ಲಿ ಸೆರೆಗೂ ಗಡಿಪಾರಿಗೂ ಗುರಿಯಾದ ಕೂಲಿಕಾರರ ವಂತಿಗೆ ಹಣವಿತ್ತು. ಅದನ್ನು ಸರ್ಕಾರದ ಕೈಯಲ್ಲೇ ಬಿಡುವುದು ಹೇಗೆ? ಒಟ್ಟಿಗೆ ಬಾಳುವ ಕನಸನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಬೇರೆಯಾಗುವ ದಿನ ಬಂದರೆ ಸೊತ್ತನ್ನು ಹಂಚಿಕೊಳ್ಳುವ ರೀತಿಯನ್ನು ಮಾತ್ರ ಅವರು ಗೊತ್ತುಮಾಡಿಕೊಂಡಿರಲಿಲ್ಲ. ನಂಬಿಕೆ ಗಟ್ಟಿಯಾಗಿರುವಾಗಲೇ ಆ ಮಾತನ್ನು ಆಡಿ ಮುಗಿಸುವುದು ಲೇಸು ಎಂದು ನಮಗೆ ಅನ್ನಿಸುತ್ತದೆ.